ಕಾಫಿ ಗಿಡ ಕಿರುಚುವುದಿಲ್ಲ

ಕಾಲಿಗೆ ಅಂಟಿದ ಜಿಗಣೆ ಕಂಡು ಇಡೀ ತೋಟಕ್ಕೆ ಕೇಳುವಂತೆ ಕಿರುಚಿದೆ. ಅಮ್ಮತ್ತಿ ಬಳಿಯ ಹೋಂಸ್ಟೇಯಲ್ಲಿ ಅತಿಥಿಗಳಿಗೆ ಕಾಫಿ ತೋಟ ಸುತ್ತಿಸುವ ಸರಸು, ಸೊಂಟದಲ್ಲಿದ್ದ ಪೊಟ್ಟಣ ಬಿಚ್ಚಿ, ಚಿಟಿಕೆ ಉಪ್ಪು ಹಾಕಿ ಅದನ್ನು ಉದುರಿಸಿದಳು. ಆಮೇಲೆ ಸಿಲ್ವರ್ ಓಕ್ ಮರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದಿನಾ ಇದೇ ದಾರಿ, ಇದೇ ಗಿಡ. ಬೇಜಾರಾಗಲ್ವಾ ನಿಂಗೆ?" ಮುಖ ಊದಿಸಿಕೊಂಡೇ ಕೇಳಿದೆ.

"ಮೊದಲು ಕಾಫಿ ಹಣ್ಣು ಕೀಳೋಕೆ ಹೋಗ್ತಿದ್ದೆ ಅಕ್ಕ, ಆಗ ಬೇಜಾರಾಗ್ತಿತ್ತು. ಕಾಫಿ ಗಿಡ ಎಲ್ಲಿ ಹೀಗೆ ಕಿರುಚ್ತದೆ? ಈಗ ರಜೆ ಹಾಕೋಕೂ ಮನಸ್ಸು ಬರಲ್ಲ!"

ಸೋಮವಾರ ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಗ್ರಾಹಕರೊಬ್ಬರು ಎಂದಿನಂತೆ ಕೂಗಾಡತೊಡಗಿದರು. ಸರಸು ನೆನಪಾಗಿ ನಕ್ಕುಬಿಟ್ಟೆ. ಅವರು ಇನ್ನೂ ಜೋರಾಗಿ ಕಿರುಚಿದರು. ಇಷ್ಟು ವರ್ಷಗಳಲ್ಲಿ ಕೆಲಸ ನನಗೆ ಖುಷಿ ಕೊಟ್ಟದ್ದು ಅದೇ ಮೊದಲು.