ತೂಕ ಬಂದರೆ ಚೀಲ ಬಂದ್

ಎಚ್‌ಐವಿ ಚಿಕಿತ್ಸೆಯ ಆ ಆಸ್ಪತ್ರೆಯಲ್ಲಿ ತೂಕದ ಯಂತ್ರದ ಪಕ್ಕ ಕೂರುವ ಆಯಾಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಎತ್ತರಕ್ಕೆ ತಕ್ಕ ತೂಕವಿಲ್ಲದವರಿಗೆ ಮಾತ್ರೆಯ ಜೊತೆ ಹಿಟ್ಟು, ಬೇಳೆ, ಎಣ್ಣೆ ತುಂಬಿದ ಚೀಲ ಕೊಡುವುದು ಅವಳ ಕೆಲಸ. ತೂಕ ಬಂದರೆ ಚೀಲ ಬಂದ್. ಗಿಡ ಚಿಗುರಿತೆಂದು ನೀರು ನಿಲ್ಲಿಸುವ ಈ ಜಾಣತನ ಯಾರ ತಲೆಯಲ್ಲಿ ಹುಟ್ಟಿತೋ, ಬೈಗುಳ ಮಾತ್ರ ತೂಕದಕ್ಕನ ಪಾಲಿಗೆ. "ದೇವರು ವರ ಕೊಟ್ರೂ ಪೂಜಾರಿ ಕೊಡ" ಎಂದು ಸಾಲಿನಲ್ಲಿ ನಿಂತವರು ಅವಳಿಗೆ ಕೇಳುವಂತೆಯೇ ಗೊಣಗುತ್ತಿದ್ದರು.

ಇಸ್ತ್ರಿ ಅಂಗಡಿಯವಳು ಮೊದಲ ಸಲ ಬಂದಾಗ ಬರೀ ಮೂಳೆಚಕ್ಕಳ. ಚೀಲದ ಹಿಟ್ಟು ಗಂಜಿಯಾಗಿ ಹೊಟ್ಟೆ ಸೇರಿತು, ಮಾತ್ರೆ ಮೈಗೆ ಹತ್ತಿತು. ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತುವಷ್ಟು ಕಸುವು ಬಂತು. ಒಂದು ದಿನ ಯಂತ್ರದ ಮುಳ್ಳು ಗಡಿ ದಾಟಿದಾಗ ತೂಕದಕ್ಕನಿಗೆ ಒಡಹುಟ್ಟಿದ ತಂಗಿಯೇ ಚೇತರಿಸಿಕೊಂಡಷ್ಟು ಖುಷಿ.

"ಮೈ ತುಂಬ್ಕೊಂಡಿದೀಯಲ್ಲೇ."

"ಹಾಗಾದ್ರೆ ಚೀಲ, ಅಕ್ಕ?"

ತೂಕದಕ್ಕ ಯಂತ್ರ ಬಿಟ್ಟು ಎದ್ದಳು. ಒಳಗೆ ಹೋಗಿ ಡಾಕ್ಟರನ್ನು ಬೇಡಿಕೊಂಡಳು. ಬರುವ ಚೀಲಗಳೇ ಕಮ್ಮಿ, ಕಡ್ಡಿಯಂತಾದವರು ಹೊರಗೆ ಕಾಯುತ್ತಿದ್ದಾರೆ ಎಂದು ಅವರೂ ಕೈಚೆಲ್ಲಿದರು. ಅದೂ ಸುಳ್ಳಲ್ಲ.

"ಈ ಮಾತ್ರೆ ತಗೊಂಡ್ರೆ ಹೊಟ್ಟೇಲಿ ಬೆಂಕಿ ಬಿದ್ದ ಹಾಗೆ ಹಸಿವಾಗುತ್ತೆ ಅಕ್ಕ. ಮನೇಲಿರೋದನ್ನ ಮಕ್ಕಳಿಗೆ ಹಾಕ್ಲೋ, ನಾನು ತಿನ್ಲೋ?"

ತೂಕದಕ್ಕ ತನ್ನ ಊಟದ ಡಬ್ಬಿ ಅವಳ ಕೈಗಿಟ್ಟಳು. ಆ ಡಬ್ಬಿ ಎಷ್ಟು ದಿನಕ್ಕೆ ಬಂದೀತು?

ಆಮೇಲೆ ಇಸ್ತ್ರಿಯವಳು ಮಾತ್ರೆಗೂ ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ. ತಿಂಗಳುಗಳು ಕಳೆದ ಮೇಲೆ ಬಂದಳು, ಗೋಡೆ ಹಿಡಿದುಕೊಂಡು. ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟು ಯಂತ್ರ ಹತ್ತಿದಳು. ಮುಳ್ಳು ಗಡಿಯ ಹತ್ತಿರಕ್ಕೂ ಬರಲಿಲ್ಲ.

"ನೋಡಕ್ಕ, ಇಳ್ದಿದೀನಿ" ಎಂದಳು, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ. "ಮಾತ್ರೆ ಬಿಟ್ಬಿಟ್ಟೆ. ಅದಕ್ಕೇ ಇಷ್ಟು ಇಳೀತು. ಈಗ ಚೀಲ ಕೊಡ್ತಾರಲ್ವಾ?"

ತೂಕದಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಂಡು ಅಳಬೇಕೆನಿಸಿತು. ಎರಡೂ ಆಗದೆ ಚೀಲ ತಂದು ಮಡಿಲಿಗಿಟ್ಟಳು. ಅಲ್ಲೇ ಒಂದು ಲೋಟ ಗಂಜಿ ಕಾಯಿಸಿ ಕೊಟ್ಟಳು. ಇಸ್ತ್ರಿಯವಳು ತುಟಿಗಿಟ್ಟು ಮುಖ ಕಿವುಚಿ ಕೆಳಗಿಟ್ಟಳು. ಮಾತ್ರೆ ಬಿಟ್ಟಿದ್ದಕ್ಕೆ ನಾಲಿಗೆಯ ಮೇಲೆಲ್ಲ ಬೆಳ್ಳಗೆ ಹುಣ್ಣು, ಗಂಟಲವರೆಗೂ.

"ನುಂಗೋಕಾಗಲ್ಲ ಅಕ್ಕ. ಮಕ್ಕಳಿಗಾಗುತ್ತೆ ಬಿಡು."

ಚೀಲವನ್ನು ಎದೆಗವಚಿಕೊಂಡು ಅವಳು ಡಾಕ್ಟರಿಗಾಗಿ ಬೆಂಚಿನ ಮೇಲೆ ಕಾದಳು. ತೂಕದಕ್ಕ ಗಂಜಿಯ ಲೋಟ ಹಿಡಿದು ನಿಂತೇ ಇದ್ದಳು. ಸಾಲಿನಲ್ಲಿದ್ದ ಮುಂದಿನವಳು ಚಪ್ಪಲಿ ಬಿಟ್ಟು ಯಂತ್ರ ಹತ್ತಿದಳು.