ಕಾಣೆಯಾದ ಐದು ಹೆಜ್ಜೆ

ಕೋವಿಡ್ ಕಾಲ ಕಳೆದು ಮೂರನೆಯ ವರ್ಷ. ನಾನಾಗ ಕಾಂಪೊಸಿಟ್ ಹಲಗೆ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಶೆಟ್ಟಿಕೊಪ್ಪದಿಂದ ಆಚೆಯ ಹಳ್ಳವೊಂದಕ್ಕೆ ನಾವು ಕಾಲುಸಂಕ ಹಾಕಿಕೊಟ್ಟಿದ್ದೆವು. ಕಬ್ಬಿಣದ ಚೌಕಟ್ಟಿನ ಮೇಲೆ ಇಪ್ಪತ್ತನಾಲ್ಕು ಹಲಗೆಗಳು. ಗಾಜಿನ ನಾರನ್ನು ಎಪಾಕ್ಸಿ ಎಂಬ ಪಾಲಿಮರ್ ಅಂಟಿನಲ್ಲಿ ಕೂರಿಸಿ ಮಾಡಿದ ಅವುಗಳಿಗೆ ಬಲ ಹೆಚ್ಚಲೆಂದು ಗ್ರಾಫೀನ್ ಬೆರೆಸಿದ್ದೆವು. ಗ್ರಾಫೀನ್ ಎಂದರೆ ಒಂದು ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆ. ಬಲದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನುಣುಪು, ಅಂಟನ್ನು ತಾನಾಗಿ ಹಿಡಿಯುವುದಿಲ್ಲ. ಹಿಡಿಯಬೇಕಾದರೆ ಅದರ ಮೈಗೆ ಮೊದಲು ರಾಸಾಯನಿಕ ಕೊಂಡಿಗಳನ್ನು ಕೂರಿಸಬೇಕು. ಆ ಕೆಲಸಕ್ಕೆ ಇನ್ನೂ ಮೂರು ವಾರ ಬೇಕಿತ್ತು, ಮಳೆಗಾಲ ಹತ್ತಿರವಿತ್ತು. ಕೊಂಡಿಯಿಲ್ಲದ ಹಲಗೆಯೇ, ನೀರಲ್ಲಿ ನೆನೆಸದೆ ಮಾಡುವ ಒಣ ಪರೀಕ್ಷೆಯಲ್ಲಿ ಪಾಸಾಯಿತು. ನಾನು ಸಹಿ ಹಾಕಿದೆ.

ಡಿಸೆಂಬರಿನಲ್ಲಿ ಫೋನ್ ಬಂತು. ಸಂಕದ ಬುಡದಲ್ಲಿ ಚಹಾದಂಗಡಿ ಇಟ್ಟಿದ್ದ ಹಸನಬ್ಬ ಮಾತಾಡಿದರು.

"ಸಂಕದ ಮೇಲೆ ಯಾರೋ ನಡೀತಾರೆ ಮೇಡಂ. ಹೆಜ್ಜೆ ಕೇಳ್ತದೆ, ಜನ ಕಾಣಲ್ಲ."

ಆಫೀಸಿನಲ್ಲಿ ಎಲ್ಲರೂ ನಕ್ಕರು. ಸಹಿ ನನ್ನದಾದ್ದರಿಂದ ನನಗೆ ನಗು ಬರಲಿಲ್ಲ, ಮರುದಿನವೇ ಹೊರಟೆ.

"ಬಿಸಿಲಿದ್ದ ದಿನ ಸಂಜೆ ಮಾತ್ರ ಬರ್ತದೆ, ಮೋಡ ಇದ್ರೆ ಇಲ್ಲ" ಎಂದರು ಹಸನಬ್ಬ. ನಾಲ್ಕೂಕಾಲಿಗೆ ನಾನೊಬ್ಬಳೇ ಹೋಗಿ ಸಂಕದ ನಡುವೆ ನಿಂತೆ. ಗಾಳಿ ಇರಲಿಲ್ಲ. ಆಚೆ ದಡದಲ್ಲಿ 'ಟಕ್' ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು, ಈ ಬಾರಿ ಒಂದು ಹಲಗೆ ಹತ್ತಿರ. ತೀರಾ ವಯಸ್ಸಾದವರೊಬ್ಬರು ಪ್ರತಿ ಹೆಜ್ಜೆಗೂ ನಿಂತು ಉಸಿರೆಳೆದುಕೊಂಡು ಬರುತ್ತಿರುವಂತೆ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಕಳೆದವಳು ನಾನು. ಆದರೂ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಹೆಜ್ಜೆ ನನ್ನಿಂದ ಒಂದು ಮಾರು ದೂರಕ್ಕೆ ಬಂದು ನಿಂತಿತು.

ಏನೂ ಇಲ್ಲ. ಕಾಲಿಗೆ ಥಂಡಿ ತಾಗಿತು. ಸುಮಾರು ಒಂದು ನಿಮಿಷದ ನಂತರ ನನ್ನ ಬೆನ್ನ ಹಿಂದೆ 'ಟಕ್' ಎಂದಿತು. ಅದು ನನ್ನನ್ನು ದಾಟಿ ಅಂಗಡಿಯ ಕಡೆ ನಡೆದಿತ್ತು.

ತಿರುಗಿ ನೋಡಿದಾಗ ಕಂಡದ್ದು ಗುಡ್ಡದ ನೆರಳು. ಅದರ ಅಂಚು ಹಲಗೆಯಿಂದ ಹಲಗೆಗೆ ಸರಿಯುತ್ತಿತ್ತು. ಬಿಸಿಲಿಗೆ ಕಾದ ಹಲಗೆ ನೆರಳಿಗೆ ತಣಿದು ಕುಗ್ಗುವಾಗ ಸಣ್ಣದಾಗಿ ಸದ್ದು ಮಾಡುತ್ತಿತ್ತು. ಅದೇ ಹೆಜ್ಜೆ! ಮನಸ್ಸು ಹಗುರಾಗಿ, ಹಸನಬ್ಬರಿಗೆ ಎಲ್ಲವನ್ನೂ ವಿವರಿಸಿದೆ.

"ಅದೆಲ್ಲ ಸರಿ ಮಾರಾಯ್ರೇ" ಎಂದರು ಅವರು. "ನಾನು ದಿನಾ ಎಣಿಸ್ತೇನೆ. ಶುರುವಿಗೆ ಇಪ್ಪತ್ನಾಲ್ಕು ಇತ್ತು. ಈಗ ಹತ್ತೊಂಬತ್ತು. ನಡುವಿನ ಐದು ಎಲ್ಲಿ ಹೋಯ್ತು?"

ನಾನು ಸಂಕದ ಕಡೆ ತಿರುಗಿದೆ. ನೀರು ಒಳಹೊಕ್ಕು, ಗ್ರಾಫೀನ್ ಮತ್ತು ಅಂಟಿನ ನಡುವಿನ ಹಿಡಿತ ಕಳಚುತ್ತಿರುವವರೆಗೆ ಸದ್ದು ಇರುತ್ತದೆ. ಸದ್ದು ನಿಂತಿದೆ ಎಂದರೆ ಕಳಚಲು ಇನ್ನೇನೂ ಉಳಿದಿಲ್ಲ. ಇಷ್ಟು ಹೊತ್ತು ನಾನು ನಿಂತಿದ್ದದ್ದು ಅಂಥ ಹಲಗೆಗಳ ಮೇಲೆ.

ಅಷ್ಟರಲ್ಲಿ ಆಚೆ ದಡದಿಂದ ಅಂಗನವಾಡಿ ಟೀಚರ್ ಜಯಮ್ಮ ಏಳು ಮಕ್ಕಳೊಂದಿಗೆ ಸಂಕ ಹತ್ತಿದರು. ಮಕ್ಕಳು ನಡುವಿನವರೆಗೆ ಓಡಿಬಂದು, ಸರಿಯಾಗಿ ಆ ಐದು ಹಲಗೆಗಳ ಮೇಲೆ ಗುಂಪಾಗಿ ನಿಂತು ಕುಣಿಯತೊಡಗಿದವು.

"ಇಲ್ಲಿ ಅದು ಕಾಲಿಡಲ್ಲ! ಇಲ್ಲಿ ಅದು ಬರಲ್ಲ!"

"ಆ ಐದು ಹಲಗೆ ಒಳಗೇ ಮುರಿದಿವೆ" ಎಂದೆ. ನನ್ನ ಮುಖ ನೋಡಿದ ಹಸನಬ್ಬ ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡು ಸಂಕದ ತುದಿಗೆ ಹೋದರು. ಸ್ವರ ಏರಿಸದೆ ಕರೆದರು: "ಕುಣಿಯೋರಿಗೆ ಬಿಸ್ಕತ್ತಿಲ್ಲ. ಕಂಬಿ ಹಿಡ್ಕೊಂಡು, ಅಂಚಿನಲ್ಲೇ, ಒಬ್ಬೊಬ್ರೇ ಬನ್ನಿ ಕಾಣುವ."

ಏಳೂ ಮಕ್ಕಳು ಬಂದವು. ಕೊನೆಗೆ ಜಯಮ್ಮ. ವಿಷಯ ತಿಳಿದು ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. "ಹೆದರ್ತಾವಲ್ಲ ಅಂತ ಸದ್ದಿಲ್ಲದ ಜಾಗ ತೋರ್ಸಿದ್ದು ನಾನೇ ಮೇಡಂ" ಎಂದರು. ಆ ತಪ್ಪು ಅವರದ್ದಲ್ಲ, ನನ್ನದೆಂದು ಹೇಳಿದೆ.

ಸಂಕವನ್ನು ಆ ಸಂಜೆಯೇ ಮುಚ್ಚಿಸಿದೆ. ಮರುದಿನ ಮೂಕವಾಗಿದ್ದ ಹಲಗೆಯೊಂದನ್ನು ಬಿಚ್ಚಿ, ಎರಡು ಕಲ್ಲುಗಳ ಮೇಲಿಟ್ಟು ಮರಳಿನ ಚೀಲ ಹೇರಿದೆವು. ಮೂರನೆಯ ಚೀಲಕ್ಕೆ ಅದು ಮಡಚಿಕೊಂಡಿತು, ಸ್ವಲ್ಪವೂ ಸದ್ದಿಲ್ಲದೆ. ಒಳಗಿನ ಪದರಗಳು ನೆನೆದ ಪುಸ್ತಕದ ಹಾಳೆಗಳಂತೆ ಬಿಡಿಬಿಡಿಯಾಗಿದ್ದವು.

ಹೊಸ ಹಲಗೆಗಳಿಗೆ ಗ್ರಾಫೀನಿನ ಮೇಲೆ ಅಮೀನ್ ಎಂಬ ಕೊಂಡಿಗಳನ್ನು ಕೂರಿಸಿದೆವು. ಅವು ಎಪಾಕ್ಸಿಯೊಂದಿಗೆ ನೇರವಾಗಿ ಬೆಸೆದುಕೊಳ್ಳುತ್ತವೆ. ಈ ಸಲ ಹಲಗೆಗಳನ್ನು ನೀರಲ್ಲಿ ನೆನೆಸಿ, ಕಾಯಿಸಿ, ತಣಿಸಿ, ಆಮೇಲೆ ಭಾರ ಹೇರಿ ನೋಡಿದೆ. ಮೂರು ತಿಂಗಳು ಹಿಡಿಯಿತು. ಅಷ್ಟೂ ದಿನ ಜಯಮ್ಮ ಮಕ್ಕಳನ್ನು ದೂರದ ರಸ್ತೆಯಲ್ಲಿ ನಡೆಸಿಕೊಂಡು ಹೋದರು.

ದೂರು ಬಂದಾಗ ಏನು ಕೇಳಿಸಿತು ಎಂದು ವಿಚಾರಿಸುವುದನ್ನು ಎಲ್ಲರೂ ಬೇಗ ಕಲಿಯುತ್ತೇವೆ. ಮೊದಲು ಕೇಳಿಸುತ್ತಿದ್ದದ್ದು ಯಾವುದು ಈಗ ನಿಂತಿದೆ ಎಂದು ವಿಚಾರಿಸಲು ನನಗೆ ಮೂವತ್ತೊಂದು ವರ್ಷ ಬೇಕಾಯಿತು. ಅದನ್ನೂ ನಾನಾಗಿ ಕೇಳಲಿಲ್ಲ, ಚಹಾದಂಗಡಿಯವರೊಬ್ಬರು ಎಣಿಸಿಟ್ಟಿದ್ದರು.