ಲಾಮಾರಾ ಬೇಡಿದ ಪ್ರಮಾಣ

2009ರ ಜೂನ್ ಹದಿನಾರು, ಮಧ್ಯಾಹ್ನ ಮೂರೂ ಹತ್ತು. ಲಾಮಾರಾ ಗುಲ್ಬಾನಿ, ಹಿಮನದಿಯ ಅಂಚಿನ ಕಲ್ಲುದಿಬ್ಬದ ಮೇಲೆ ದುರ್ಬೀನಿನ ಪಕ್ಕ ಮೊಣಕಾಲೂರಿ ಕೂತು, ಪ್ರಾಗ್‌ನಿಂದ ಬಂದಿದ್ದ ತಾಯಿ-ಮಗಳಿಗೆ ಎದುರು ಬಂಡೆಯ ಮೇಲೆ ಮಲಗಿದ್ದ ತೂರ್‌ಗಳನ್ನು ತೋರಿಸುತ್ತಿದ್ದಳು. ತೂರ್ ನಮ್ಮ ಕಾಕಸಸ್ ಬೆಟ್ಟಗಳ ಕಾಡುಮೇಕೆ. ಮೈಬಣ್ಣ ಕಲ್ಲಿನದೇ ಆದ್ದರಿಂದ ಅದು ಕಿವಿ ಆಡಿಸುವವರೆಗೆ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಮಗಳಿಗೆ ಕಂಡಿತು, ತಾಯಿಗೆ ಕಾಣಲಿಲ್ಲ. ಲಾಮಾರಾ ಆಕೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಟಮಾರಿ ಕರುವಿನ ತಲೆ ತಿರುಗಿಸುವ ಹಾಗೆ ಬೇಕಾದ ಕಡೆಗೆ ತಿರುಗಿಸಿದಳು. ಅಷ್ಟರಲ್ಲಿ ಮೇಲಿನಿಂದ ಮಂಜು ಇಳಿಯಿತು. ಮೊದಲು ತೂರ್‌ಗಳು ಮರೆಯಾದವು, ಆಮೇಲೆ ಬಂಡೆ, ಕೊನೆಗೆ ಕಾಲಬುಡದಲ್ಲೇ ಇದ್ದ ಹಿಮನದಿ.

ಅವಳ ತಮ್ಮ ಗೇಗಿ ಆ ಹೊತ್ತಿಗೆ ಆಚೆ ದಡದಿಂದ ಹೊರಟಿದ್ದ. ತೂರ್‌ಗಳು ಎಲ್ಲಿ ಮೇಯುತ್ತಿವೆ ಎಂದು ನೋಡಿಬರಲು ಹಿಂದಿನ ದಿನವೇ ಒಬ್ಬನೇ ಹಿಮನದಿ ದಾಟಿ, ಬೇಟೆಗಾರರ ಕಲ್ಲುಗೂಡಿನಲ್ಲಿ ರಾತ್ರಿ ಕಳೆದಿದ್ದ. ಈಗ ಬಂದು ಆ ತಾಯಿ-ಮಗಳನ್ನು ದಾಟಿಸಬೇಕಿತ್ತು. ಜೂನ್‌ನಲ್ಲಿ ಹಿಮಬಿರುಕುಗಳ ಬಾಯಿ ಇನ್ನೂ ಹಳೆಯ ಹಿಮದಿಂದ ಮುಚ್ಚಿರುತ್ತದೆ. ಮೇಲಿಂದ ನೋಡಿದರೆ ಎಲ್ಲವೂ ಒಂದೇ ಬಯಲು. ಆದ್ದರಿಂದ ಮೊದಲು ಹೋಗುವವನು ಚುಚ್ಚಿ ನೋಡಿ, ಗಟ್ಟಿ ಇರುವ ಕಡೆ ಭೂರ್ಜ ಮರದ ಕೋಲು ನೆಡುತ್ತಾ, ಅದರ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಾ ಹೋಗುತ್ತಾನೆ. ಮಂಜಿನಲ್ಲೂ ಒಂದು ಕೋಲಿನ ಬಳಿ ನಿಂತರೆ ಮುಂದಿನದು ಕಾಣಬೇಕು, ಅಷ್ಟೇ ಅಂತರ. ಗೇಗಿ ಹೋಗುವಾಗ ಹಾಗೆ ನೆಟ್ಟಿದ್ದ. ಕತ್ತಲಾಗುವವರೆಗೆ ಲಾಮಾರಾ ಕುದುರೆಯ ಕೊರಳಗಂಟೆ ಬಿಚ್ಚಿ ಬಾರಿಸುತ್ತಲೇ ಇದ್ದಳು. ಅವನು ಬರಲಿಲ್ಲ.

ನಮ್ಮ ಊರು ಹೆಶ್ಕಾರಿಯಲ್ಲಿ ಆಗ ಹಿಮದ ಮೇಲೆ ಗೈಡ್ ಕೆಲಸ ಮಾಡುವವರು ಇಬ್ಬರೇ. ಒಬ್ಬ ಗೇಗಿ, ಇನ್ನೊಬ್ಬ ಮುರ್ಜಾ. ಗೇಗಿ ಕೋಲು ನೆಟ್ಟ ಮೇಲೆ ಅದೇ ದಾರಿಯಲ್ಲಿ ಮುರ್ಜಾ ತನ್ನ ಪ್ರವಾಸಿಗರನ್ನು ಕರೆದೊಯ್ಯುವುದು ವಾಡಿಕೆಯಾಗಿಬಿಟ್ಟಿತ್ತು. ಆ ತಿಂಗಳ ಮೊದಲಲ್ಲಿ ಅಂಗಡಿಯ ಮುಂದೆ ಇಬ್ಬರಿಗೂ ಮಾತು ಬೆಳೆಯಿತು. ನಿನ್ನ ಕಾಡಲ್ಲಿ ಭೂರ್ಜ ಬೆಳೆಯಲ್ವೇನೋ ಎಂದು ಗೇಗಿ ಕೇಳಿದ್ದಕ್ಕೆ ಅಲ್ಲಿದ್ದವರೆಲ್ಲ ನಕ್ಕರು.

"ಹಿಮನದಿ ಏನು ನಿಮ್ಮಪ್ಪ ಬಿಟ್ಟುಹೋದ ಆಸ್ತೀನಾ?" ಎಂದ ಮುರ್ಜಾ.

"ಹಿಮನದಿ ದೇವರದು. ಕೋಲು ನಮ್ದು."

ಮತ್ತೆ ನಗು. ಮುರ್ಜಾನ ಕಿವಿ ಕೆಂಪಗಾಗಿದ್ದನ್ನು ನಾನೇ ನೋಡಿದ್ದೆ. ಹಿಮನದಿಯ ತುದಿ ವರ್ಷಕ್ಕೆಷ್ಟು ಹಿಂದೆ ಸರಿಯುತ್ತಿದೆ ಎಂದು ಅಳೆಯುವುದು ನನ್ನ ಕೆಲಸವಾಗಿದ್ದರಿಂದ ಇಬ್ಬರೊಂದಿಗೂ ನನಗೆ ಒಡನಾಟವಿತ್ತು.

ಮರುದಿನ ನಸುಕಿಗೆ ಊರ ಗಂಡಸರು ಹಗ್ಗ ಹೊತ್ತು ಕಲ್ಲುದಿಬ್ಬಕ್ಕೆ ಬಂದರು. ಮುರ್ಜಾನೂ ಬಂದ. ಅವನ ಹಿಂದೆ ಅವನ ಅಪ್ಪ ಪ್ಲಾತೋನ್ ಏದುಸಿರು ಬಿಡುತ್ತಾ ಹತ್ತಿ ಬಂದ. ಎಪ್ಪತ್ತು ದಾಟಿದ ಹಳೆಯ ಬೇಟೆಗಾರ, ಮಂಡಿನೋವಿನಿಂದ ಹಿಮಕ್ಕೆ ಕಾಲಿಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವನ ಹೆಗಲ ಮೇಲೆ ಆಗಷ್ಟೇ ಕಡಿದ ಭೂರ್ಜದ ಕೋಲುಗಳ ಹೊರೆ. ಪ್ರತಿಯೊಂದಕ್ಕೂ ಕೆಂಪು ಬಟ್ಟೆ.

ಲಾಮಾರಾ ಅವನನ್ನು ತಡೆದು ಕೇಳಿದಳು. "ಪ್ಲಾತೋನ್ ಮಾವ, ಕೋಲು ಯಾಕೆ ತಂದೆ? ಗೇಗಿ ನೆಟ್ಟಿದಾನಲ್ಲ."

"ಇರ್ಲಿ ಮಗಳೇ, ಬೇಕಾಗತ್ತೆ," ಎಂದ ಮುದುಕ, ಅವಳ ಮುಖ ನೋಡದೆ.

ಆ ಗಳಿಗೆಯಲ್ಲಿ ನಮಗೆಲ್ಲ ಗೊತ್ತಿದ್ದದ್ದು ಗೇಗಿ ಮಂಜಿನಲ್ಲಿ ಸಿಕ್ಕಿಕೊಂಡಿದ್ದಾನೆ ಎಂಬುದಷ್ಟೇ. ಮಂಜು ಇಳಿದ ಮೇಲೆ ಹಿಮದ ಮೇಲೆ ಇನ್ನೂ ಯಾರೂ ಹೋಗಿರಲಿಲ್ಲ. ದಡದಿಂದ ಕಾಣುವಷ್ಟು ದೂರ ಕೋಲುಗಳು ನೆಟ್ಟಗೆ ನಿಂತಿದ್ದವು. ಹಿಮನದಿಯ ನಡುವಿನ ಉಬ್ಬು ದಾಟಿದ ಮೇಲೆ ಮಾತ್ರ ನೋಡಿದೆವು: ಅಲ್ಲಿಂದ ಮುಂದೆ ಒಂದಷ್ಟು ದೂರ ಒಂದೂ ಕೋಲಿಲ್ಲ. ಬಿಸಿಲಿಗೆ ಬುಡ ಸಡಿಲಾಗಿ ಬಿದ್ದಿದ್ದರೆ ಅಲ್ಲೇ ಮಲಗಿರಬೇಕಿತ್ತು. ಗಾಳಿ ಒಯ್ದಿದ್ದರೆ ಎಲ್ಲೋ ಒಂದು ಕೆಂಪು ಬಟ್ಟೆಯಾದರೂ ಸಿಗಬೇಕಿತ್ತು. ಇದ್ದದ್ದು ಹಿಮದಲ್ಲಿ ಸಾಲಾಗಿ ದುಂಡಗಿನ ತೂತುಗಳು. ಅವುಗಳ ಆಚೆ ಗೇಗಿಯ ಕೋಲುಗಳು ಮತ್ತೆ ಶುರುವಾಗುತ್ತಿದ್ದವು. ಆ ಕೋಲುಗಳನ್ನು ನಂಬಿ ನಡೆದು ಬಂದವನು ಅವು ಮುಗಿದಲ್ಲಿಂದ ಸ್ವಲ್ಪವೇ ಈಚೆಗೆ, ಬಿರುಕಿನ ಅಡಿಯಲ್ಲಿ ಸಿಕ್ಕಿದ.

ಅವನನ್ನು ಮೇಲೆತ್ತುವಾಗ ಲಾಮಾರಾ ಅಳಲಿಲ್ಲ. ಅವಳು ಪ್ಲಾತೋನ್‌ನನ್ನು ನೋಡುತ್ತಿದ್ದಳು. ಮಂಡಿನೋವಿನಲ್ಲೂ ಹಿಮದ ಮೇಲೆ ಬಂದಿದ್ದ ಮುದುಕ ಆ ತೂತುಗಳಿಗೆ ಒಂದೊಂದೇ ಕೋಲು ಇಳಿಸುತ್ತಿದ್ದ. ಕೋಲು ಇಲ್ಲವೆಂದು ಅವನಿಗೆ ಮನೆಯಲ್ಲಿ ಕೂತೇ ಗೊತ್ತಿತ್ತು. ಹಿಂದಿನ ಬೆಳಿಗ್ಗೆ ಆ ಉಬ್ಬಿನವರೆಗೆ ಪ್ರವಾಸಿಗರನ್ನು ಕರೆದೊಯ್ದು ಬಂದವನು ಅವನ ಮಗನೊಬ್ಬನೇ.

ಪಟ್ಟಣದಿಂದ ಅಧಿಕಾರಿ ಬಂದ, ಆಕಸ್ಮಿಕ ಎಂದು ಬರೆದುಕೊಂಡು ಹೋದ. ಹೂಳಿದ ದಿನ ಸಂಜೆ ಲಾಮಾರಾಳ ದೊಡ್ಡಪ್ಪನ ಮಗ ಬಂದೂಕನ್ನು ಮೇಜಿನ ಮೇಲಿಟ್ಟ. ನಮ್ಮ ಸ್ವಾನೇತಿ ಸೀಮೆಯಲ್ಲಿ ಹಾಗೆ ಇಟ್ಟರೆ ಸೇಡಿಗೆ ಒಪ್ಪಿಗೆ ಕೇಳಿದ ಹಾಗೆ, ಮಾತು ಬೇಕಾಗಿಲ್ಲ. ಮನೆಯ ಹಿರಿಯಳು ಹೂಂ ಎನ್ನಬೇಕು. ಈಗ ಆ ಹಿರಿಯಳಾಗಿದ್ದ ಲಾಮಾರಾ ಅದನ್ನು ಎತ್ತಿ ಮತ್ತೆ ಗೋಡೆಗೆ ತೂಗುಹಾಕಿದಳು.

"ಗುಂಡು ಹೊಡೆದ್ರೆ ಒಂದೇ ಸಲಕ್ಕೆ ಮುಗಿದುಹೋಗತ್ತೆ, ಅವನಿಗೂ ಸುಲಭ. ಅವನು ಬದುಕಿರ್ಬೇಕು. ಇದೇ ಊರಲ್ಲಿರ್ಬೇಕು. ಒಬ್ಬನೇ ಇರ್ಬೇಕು."

ಆಮೇಲೆ ಎರಡು ವರ್ಷ ಅವಳು ಆ ಮಾತೆತ್ತಲಿಲ್ಲ. ತಮ್ಮನ ಕೆಲಸವನ್ನು ತಾನೇ ಹಿಡಿದಳು. ಪ್ರವಾಸಿಗರನ್ನು ಕುದುರೆ ಹತ್ತಿಸಿ ದಿಬ್ಬಕ್ಕೆ ಕರೆದೊಯ್ದಳು, ತೂರ್ ತೋರಿಸಿದಳು, ಕರಡಿಯ ಹೆಜ್ಜೆ ತೋರಿಸಿದಳು, ಎಲುಬನ್ನು ಎತ್ತರದಿಂದ ಕಲ್ಲಿಗೆ ಬೀಳಿಸಿ ಒಡೆದು ತಿನ್ನುವ ದೊಡ್ಡ ಹದ್ದನ್ನು ತೋರಿಸಿದಳು. ಭೂರ್ಜ ಕಡಿದು ಕೋಲನ್ನೂ ತಾನೇ ನೆಟ್ಟಳು. ಮುರ್ಜಾನ ಜೀಪು ಎದುರಾದಾಗಲೆಲ್ಲ ಕುದುರೆಯನ್ನು ದಾರಿಗೆ ಅಡ್ಡ ನಿಲ್ಲಿಸಿ, ಅದರ ಹಿಂಭಾಗ ಅವನ ಮುಖಕ್ಕೆ ಬರುವಂತೆ ತಿರುಗಿಸಿ, ಅದು ಲದ್ದಿ ಹಾಕುವವರೆಗೆ ಕಾಯುತ್ತಿದ್ದಳು. ಕುದುರೆ ಎಂದೂ ಅವಳಿಗೆ ನಿರಾಸೆ ಮಾಡಲಿಲ್ಲ ಎಂದು ಊರ ಹೆಂಗಸರು ಇವತ್ತಿಗೂ ನಗುತ್ತಾರೆ. ಮುರ್ಜಾನೂ ಸುಮ್ಮನಿರುತ್ತಿರಲಿಲ್ಲ. ಲಾಮಾರಕ್ಕ ಈಗ ಗಾಳಿಯ ಮೇಲೆ ಕೇಸು ಹಾಕುತ್ತಾಳಂತೆ ಎಂದು ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

2011ರ ಶರತ್ಕಾಲದಲ್ಲಿ, ಹುಲ್ಲು ಕೊಯ್ದು ಮುಗಿದ ಮೇಲೆ, ಅವಳು ಪಂಚರನ್ನು ಕರೆಸಿದಳು. ನಮ್ಮಲ್ಲಿ ಕ್ರಮ ಹೀಗೆ: ಆರೋಪ ಹೊತ್ತವನು ಊರ ಗುಡಿಯ ಬೆಳ್ಳಿಕಟ್ಟಿನ ಸಂತನ ಪಟದ ಮೇಲೆ ಕೈಯಿಟ್ಟು ತಾನು ಮಾಡಿಲ್ಲವೆಂದು ಪ್ರಮಾಣ ಮಾಡಬೇಕು. ಅವನ ಮಾತು ನಿಜವೆಂದು ಅವನದೇ ಮನೆತನದವರು ಜೊತೆಗೆ ಆಣೆಯಿಡಬೇಕು. ಆ ಜೊತೆಗಾರರು ಯಾರು, ಎಷ್ಟು ಮಂದಿ ಎಂದು ಆರಿಸುವವಳು ನೊಂದವಳು. ಸುಳ್ಳಾಡಿದರೆ ಇಡೀ ಮನೆತನ ಅಳಿಯುತ್ತದೆಂದು ನಂಬಿಕೆ. ಪೊಲೀಸರೆದುರು ಸರಾಗವಾಗಿ ಸುಳ್ಳು ಹೇಳುವವರೂ ಆ ಪಟದ ಮುಂದೆ ನಾಲಗೆ ಕಚ್ಚಿಕೊಳ್ಳುತ್ತಾರೆ.

ಸಾವಿನ ವಿಷಯವಾದ್ದರಿಂದ ಹನ್ನೆರಡು ಜನರನ್ನು ಕೇಳು ಎಂದು ಪಂಚರ ಹಿರಿಯ ಎಗ್ನಾತೆ ಸೂಚಿಸಿದ. ಇಡೀ ವಂಶವನ್ನೇ ಜೀಪಿನಲ್ಲಿ ತುಂಬಿಕೊಂಡು ಬರುತ್ತೇನೆ ಎಂದು ಮುರ್ಜಾ ನಕ್ಕ.

ಲಾಮಾರಾ ತಲೆಯಾಡಿಸಿದಳು. "ಹನ್ನೆರಡು ಜನ ಸೇರಿ ಎತ್ತಿದ್ರೆ ಸುಳ್ಳು ಹಗುರ ಆಗಿಬಿಡತ್ತೆ ಎಗ್ನಾತೆ ತಾತ. ನನಗೆ ಒಬ್ಬನೇ ಸಾಕು. ಪ್ಲಾತೋನ್ ಮಾವ ಬರ್ಲಿ."

ಮುರ್ಜಾನ ಭುಜ ಸಡಿಲವಾದದ್ದು ಎಲ್ಲರಿಗೂ ಕಂಡಿತು. ಹೆತ್ತ ಅಪ್ಪ ತಾನೇ ಎಂದುಕೊಂಡಿರಬೇಕು. ಅವಳು ಸೋತಳು ಎಂದು ನಾನೂ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಗುಡಿಯಲ್ಲಿ ಮುರ್ಜಾ ಮೊದಲು ಕೈಯಿಟ್ಟು, ಒಂದೇ ಉಸಿರಿನಲ್ಲಿ ಪ್ರಮಾಣ ಮಾಡಿ ಪಕ್ಕಕ್ಕೆ ಸರಿದ. ಪ್ಲಾತೋನ್ ಟೋಪಿ ತೆಗೆದು ಮುಂದೆ ಬಂದ. ಬಲಗೈ ಬೆಳ್ಳಿಯ ಅಂಚಿನ ಮೇಲಿಟ್ಟ. ಅವನು ಹೇಳಬೇಕಾದ ಮಾತು ಪುಟ್ಟದು: ಇವನ ಮಾತು ನಿಜ. ಅವನ ತುಟಿ ಅಲುಗಿತು, ಮಾತು ಬರಲಿಲ್ಲ.

"ಹೇಳಪ್ಪಾ," ಎಂದ ಮುರ್ಜಾ. ಸ್ವಲ್ಪ ತಡೆದು ಮತ್ತೆ, "ಹೇಳು, ಜನ ಕಾಯ್ತಿದಾರೆ."

ಪ್ಲಾತೋನ್ ಕೈ ಹಿಂತೆಗೆದ. ಚಳಿಗೆ ಮರಗಟ್ಟಿದ ಕೈಯನ್ನು ಬೆಚ್ಚಗೆ ಮಾಡಿಕೊಳ್ಳುವವನಂತೆ ಅದನ್ನು ಕಂಕುಳಿಗೆ ಸೇರಿಸಿಕೊಂಡು, "ನನ್ನ ಕೈಲಾಗಲ್ಲ ಮಗನೇ," ಎಂದ.

ಮುರ್ಜಾ ಒಬ್ಬೊಬ್ಬರ ಮುಖ ನೋಡಿದ. ಆಮೇಲೆ ಲಾಮಾರಾಳ ಕಡೆ ತಿರುಗಿ ಹೇಳಿದ. "ಒಂದು ದಿನ ಆಚೆ ದಡದಲ್ಲೇ ಬಿದ್ದಿರ್ಲಿ, ಜನರ ಮುಂದೆ ಆಡಿಕೊಂಡನಲ್ಲ ಅಂತ ಕಿತ್ತೆ. ಮಂಜು ಬರತ್ತೆ ಅಂತ ನನಗೇನು ಗೊತ್ತು?"

"ಗೊತ್ತಿರ್ಬೇಕಾಗಿತ್ತು," ಎಂದಳು ಅವಳು. "ಗೈಡ್ ಅಲ್ವಾ ನೀನು?"

ಪಂಚರು ಸಾವಿಗೆ ಬದಲಾಗಿ ಹೊಳೆದಂಡೆಯ ಹೊಲವನ್ನು ಕೊಡಿಸಲು ಮುಂದಾದರು. ಅವಳು ಹೊಲ ಬೇಡವೆಂದಳು. ಹಗ್ಗ ಮತ್ತು ಹೊರೆ ಕೇಳಿದಳು. ಅದು ನಮ್ಮ ಹಳೆಯ ಶಿಕ್ಷೆ, ನಾನು ಹುಟ್ಟಿದ ಮೇಲೆ ಯಾರಿಗೂ ಕೊಟ್ಟದ್ದು ಕೇಳಿರಲಿಲ್ಲ. ನೊಂದ ಮನೆಯವರು ಬಿಡುಗಡೆ ಮಾಡುವವರೆಗೆ ಆ ಮನುಷ್ಯನ ಜೊತೆ ಊರಿನವರು ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಳ್ಳಬಾರದು, ಅವನು ಎತ್ತಿದ ಹೊರೆಗೆ ಹೆಗಲು ಕೊಡಬಾರದು. ಅಷ್ಟೇ. ಮಾತಾಡಿಸಬಹುದು, ಅಂಗಡಿಯಲ್ಲಿ ಸಾಮಾನು ಕೊಡಬಹುದು.

ಅಷ್ಟರಿಂದಲೇ ಒಬ್ಬ ಗಂಡಸು ಹೇಗೆ ಒಣಗುತ್ತಾನೆಂದು ನೋಡಿದೆವು. ಹಗ್ಗದ ಜೊತೆಗಾರನಿಲ್ಲದ ಗೈಡನ್ನು ನಂಬಿ ಹಿಮದ ಮೇಲೆ ಹೋಗುವವರಿಲ್ಲ. ಮುರ್ಜಾ ಜೀಪು ಮಾರಿದ. ತೊಲೆ ಎತ್ತಲು ಎರಡನೇ ಕೈಯಿಲ್ಲದೆ ಅವನ ಕೊಟ್ಟಿಗೆಯ ಮಾಡು ಕುಸಿದದ್ದು ಕುಸಿದ ಹಾಗೇ ಉಳಿಯಿತು. ಕಡಿದಾದ ಹುಲ್ಲುಗಾವಲಿನಿಂದ ಒಬ್ಬನೇ ಜಾರುಬಂಡಿ ಎಳೆಯುವಾಗ ಅದು ಮಗುಚಿ, ಹುಲ್ಲೆಲ್ಲ ಚೆಲ್ಲಿ, ಮತ್ತೆ ಮೊದಲಿಂದ ತುಂಬಬೇಕಾಗುತ್ತಿತ್ತು. ಪ್ರವಾಸಿಗರು ಊಟಕ್ಕೆ ಕೂತಾಗ ಲಾಮಾರಾ ದುರ್ಬೀನನ್ನು ತೂರ್‌ಗಳ ಬಂಡೆಯಿಂದ ಮೆಲ್ಲಗೆ ಆ ಹುಲ್ಲುಗಾವಲಿನ ಕಡೆ ತಿರುಗಿಸಿ, ಬಹಳ ಹೊತ್ತು ಕಣ್ಣಿಟ್ಟು ನೋಡುತ್ತಿದ್ದಳು. ಒಮ್ಮೆ ಹತ್ತಿರ ಹೋಗಿ ಸಾಕಾಯಿತಾ ಎಂದು ಕೇಳಿದೆ. ಬಂಡಿ ಇವತ್ತು ಎರಡು ಸಲ ಮಗುಚಿತು ಎಂದಳು, ಕಣ್ಣು ತೆಗೆಯದೆ. ಅವಳ ಮುಖದಲ್ಲಿ ಹಸಿವು ತೀರಿದವಳ ನೆಮ್ಮದಿಯಿತ್ತು.

ಪ್ಲಾತೋನ್‌ನ ವಿಷಯದಲ್ಲಿ ಮಾತ್ರ ಅವಳು ಬೇರೆಯೇ ಆಗಿದ್ದಳು. ಹಬ್ಬಕ್ಕೆ ಮಾಂಸ ತುಂಬಿದ ರೊಟ್ಟಿ ಸುಟ್ಟರೆ ಮೊದಲನೆಯದು ಅವನಿಗೆ ಹೋಗುತ್ತಿತ್ತು. ಮಂಡಿಗೆ ಕರಡಿ ಕೊಬ್ಬು ತಿಕ್ಕಿಕೊಡುತ್ತಿದ್ದಳು. ಮುದುಕ ಒಂದು ದಿನವೂ ಮಗನ ಪರವಾಗಿ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಅವಳೇನು ಮಾಡುತ್ತಿದ್ದಳೋ ನನಗೆ ತಿಳಿಯದು.

2014ರ ಫೆಬ್ರವರಿಯಲ್ಲಿ ಪ್ಲಾತೋನ್ ತೀರಿಕೊಂಡ. ಹಿಮ ಎದೆಯೆತ್ತರ ಬಿದ್ದಿತ್ತು. ಹೂಳುವ ಜಾಗ ಊರ ಮೇಲ್ಗಡೆ, ಬಂಡಿ ಹೋಗುವುದಿಲ್ಲ, ಹೆಗಲ ಮೇಲೇ ಸಾಗಿಸಬೇಕು. ಪೆಟ್ಟಿಗೆ ಹೊರಲು ನಮ್ಮಲ್ಲಿ ಆರು ಜನ. ತಲೆಯ ಕಡೆಯ ಬಲಮೂಲೆ ಮಗನದು. ಆದರೆ ಪೆಟ್ಟಿಗೆಯೂ ಹೊರೆಯೇ. ಲಾಮಾರಾ ಬಿಡುಗಡೆ ಮಾಡದೆ ಮುರ್ಜಾ ಅದಕ್ಕೆ ಹೆಗಲು ಕೊಟ್ಟರೆ ಉಳಿದವರು ಕೆಳಗಿಟ್ಟು ಹೊರಟುಹೋಗಬೇಕಾಗುತ್ತಿತ್ತು.

ಮುರ್ಜಾ ತಾನಾಗಿ ಬರಲಿಲ್ಲ. ತನ್ನ ಅಂಗಳದಲ್ಲಿ ಹಿಮ ಸರಿಸುತ್ತಾ ನಿಂತಿದ್ದ. ಎಗ್ನಾತೆ ಅವಳ ಮನೆಗೆ ಬಂದ. ನಾನೂ ಅಲ್ಲೇ ಒಲೆಯ ಬಳಿ ಇದ್ದೆ. ಅವಳು ಸತ್ತವನ ಊಟಕ್ಕೆಂದು ಹಿಟ್ಟು ನಾದುತ್ತಿದ್ದಳು, ಕಣ್ಣುಗಳು ಅತ್ತು ಊದಿಕೊಂಡಿದ್ದವು. ಎಗ್ನಾತೆ ನೇರವಾಗಿ ಕ್ಷಮಿಸು ಎಂದು ಕೇಳುವ ಮನುಷ್ಯನಲ್ಲ. ಅವಳು ಐದು ಎಂದರೆ ಒಂದು ಮೂಲೆ ಮಗನಿಗೆ ಉಳಿಯುತ್ತದೆ, ಮೂವರಿಗೂ ಅದು ಗೊತ್ತಿತ್ತು.

"ಪೆಟ್ಟಿಗೆ ಹೊರೋಕೆ ನಮ್ಮ ಬೀದಿಯಿಂದ ಎಷ್ಟು ಜನರನ್ನ ಕರೀಲಿ ಮಗಳೇ?" ಎಂದ.

ಅವಳು ನಾದುವುದನ್ನು ನಿಲ್ಲಿಸಿದಳು. ಕಿಟಕಿಯಾಚೆ ಮುರ್ಜಾನ ಅಂಗಳದಿಂದ ಸಲಿಕೆಯ ಸದ್ದು ಕೇಳುತ್ತಿತ್ತು. ಅದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಆರು," ಎಂದಳು.